ಲಗಮವ್ವನ ಗದ್ದುಗೆ ಕಂಬಳಿ

ನಮ್ಮ ಅಜ್ಜಂದಿರ ಅಜ್ಜಂದಿರು ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೂ ಹಿಂದೆ, ಎರೆಭೂಮಿಯ ನಡುವೆ ಒಂದು ದಿನ್ನೆ, ಆ ದಿನ್ನೆಯ ಮೇಲೊಂದು ಊರು. ಕರೇದಿನ್ನಿ ಅಂತ ಅದರ ಹೆಸರು. ಸುತ್ತ ಜೋಳದ ಹೊಲ ಬಿಟ್ಟರೆ ಮತ್ತೇನೂ ಇಲ್ಲ. ಗಾಳಿಗೆ ಅಡ್ಡ ನಿಲ್ಲಲು ಒಂದು ಗುಡ್ಡವಿಲ್ಲ, ಒಂದು ತೋಪಿಲ್ಲ. ಮಾಗಿ ಬಂತೆಂದರೆ ಬಡಗಣ ಗಾಳಿ ಕರೆಯದ ನೆಂಟನ ಹಾಗೆ ನೇರ ಒಳಕ್ಕೇ ಬರುತ್ತಿತ್ತಂತೆ. ಆ ಊರಿನಲ್ಲಿ ಲಗಮವ್ವ ಎಂಬ ಕುರುಬರ ಹೆಣ್ಣುಮಗಳಿದ್ದಳು.

ಕುರಿಯ ಉಣ್ಣೆ ಕತ್ತರಿಸುವುದು ಲಗಮವ್ವನ ಕೆಲಸ. ಹೆಂಗಸು ಕತ್ತರಿ ಹಿಡಿಯುವುದುಂಟೇ ಅಂತ ಹಿರಿಯರು ಮೊದಮೊದಲು ಗೊಣಗಿದರಂತೆ. ಗೊಣಗಿದವರೇ ಆಮೇಲೆ ತಮ್ಮ ಕುರಿಗಳನ್ನು ಅವಳ ಮನೆಯ ಮುಂದೆ ಹೊಡೆದುಕೊಂಡು ಬಂದು ನಿಂತರಂತೆ. ಯಾಕೆಂದರೆ ಬೇರೆಯವರು ಕುರಿಯ ಕಾಲು ಕಟ್ಟಿ, ಕೆಡವಿ, ಮೊಣಕಾಲೂರಿ ಕತ್ತರಿಸುತ್ತಿದ್ದರು. ಲಗಮವ್ವ ಕಟ್ಟುತ್ತಿರಲಿಲ್ಲ. ಕುರಿಯ ಬೆನ್ನಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಎಷ್ಟೋ ಹೊತ್ತಿಗೆ ಆ ಕುರಿ ಒಂದು ಉದ್ದನೆಯ ಉಸಿರು ಬಿಟ್ಟು ಮೈ ಸಡಿಲಿಸುತ್ತಿತ್ತು. ಆಗ ಕತ್ತರಿ ಎತ್ತುತ್ತಿದ್ದಳು.

ಅವಳಿಗೆ ಕುರಿಯ ಭಾಷೆ ಬರುತ್ತಿತ್ತು ಅನ್ನುತ್ತಾರೆ. ಕುರಿಗಳು ಅವಳ ಕಿವಿಯಲ್ಲಿ ಮಳೆ ಬೆಳೆ ಹೇಳುತ್ತಿದ್ದವು ಅಂತಲೂ ಅನ್ನುತ್ತಾರೆ. ಅನ್ನುವವರಿಗೇನು, ಎಲುಬಿಲ್ಲದ ನಾಲಿಗೆ. ಅವಳು ಕಾಯುತ್ತಿದ್ದಳು, ಅಷ್ಟೇ. ಕಾಯಲು ಪುರುಸೊತ್ತಿಲ್ಲದವರು ಅದನ್ನು ಮಾಯೆ ಅಂದರು.

ಅವಳ ಹಿಂಡಿನ ಮುಂದಾಳು ಕೆಂಚಿ ಎಂಬ ಮುದಿ ಕುರಿ. ಕೆಂಚಿ ಎದ್ದರೆ ಹಿಂಡು ಏಳುತ್ತಿತ್ತು, ಕೆಂಚಿ ನಿಂತರೆ ಹಿಂಡು ನಿಲ್ಲುತ್ತಿತ್ತು. ಲಗಮವ್ವ ಬಸುರಿಯಾಗಿದ್ದಾಗ ಅವಳ ಮುಂದೆ ಯಾವ ಟಗರೂ ಹಾಯದಂತೆ ಕೆಂಚಿ ಅಡ್ಡ ನಡೆಯುತ್ತಿತ್ತಂತೆ. ಆಗ ಹುಟ್ಟಿದ ಮಗಳೇ ಕೆಂಗವ್ವ. ಹಾಗಾದರೆ ಕೆಂಚಿಗೆ ಎಷ್ಟು ವಯಸ್ಸಾಗಿರಬೇಕು ಅಂತ ನೀವು ಕೇಳಬಹುದು. ಕೇಳಬೇಡಿ. ಕಥೆಯ ಕುರಿಗೆ ಹಲ್ಲು ಎಣಿಸಬಾರದು.

ಕರೇದಿನ್ನಿಯಲ್ಲಿ ಒಂದು ಕಟ್ಟಳೆಯಿತ್ತು. ಉಣ್ಣೆ ಕತ್ತರಿಸುವುದೇನಿದ್ದರೂ ದೀಪಾವಳಿಗೆ ಮೊದಲು. ಅಂದರೆ ಮಾಗಿ ಬರುವ ಹೊತ್ತಿಗೆ ಕುರಿಯ ಮೈಮೇಲೆ ಮತ್ತೆ ಬೆರಳು ಮುಚ್ಚುವಷ್ಟು ಉಣ್ಣೆ ಬಂದಿರುತ್ತದೆ. ದೀಪಾವಳಿ ದಾಟಿದ ಮೇಲೆ ಯಾರೂ ಕತ್ತರಿ ಮುಟ್ಟುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲವಂತೆ. ದೀಪಾವಳಿಯ ಹಣತೆಗಳೂ ಮಳೆಯಲ್ಲಿ ಆರಿದವಂತೆ. ಒದ್ದೆ ಉಣ್ಣೆಗೆ ಕತ್ತರಿ ಹಾಕುವ ಹಾಗಿಲ್ಲ. ಕೂಡಿಟ್ಟ ಹಳೆಯ ಉಣ್ಣೆ ಸೋರುವ ಮನೆಯಲ್ಲಿ ಕೊಳೆತು ಹೋಯಿತು. ಅದೇ ವರ್ಷ ಕೆಂಗವ್ವನಿಗೆ ಗಂಡು ಗೊತ್ತಾಯಿತು, ಮಾಘದಲ್ಲಿ ಮದುವೆ. ಆ ಕಡೆ ಮದುಮಕ್ಕಳು ಕರಿಕಂಬಳಿಯ ಗದ್ದುಗೆಯ ಮೇಲೆ ಕೂರಬೇಕು. ಆ ಕಂಬಳಿ ಹೆಣ್ಣಿನ ಮನೆಯ ಹಿಂಡಿನದೇ ಆಗಿರಬೇಕು. ಬೀಗರು ಬೇರೇನೂ ಕೇಳಲಿಲ್ಲ. ಅದೊಂದನ್ನು ಕೇಳಿದರು.

ಮಳೆ ನಿಂತು, ಬಿಸಿಲು ಬಿದ್ದು, ಕುರಿಗಳ ಮೈ ಒಣಗುವ ಹೊತ್ತಿಗೆ ದೀಪಾವಳಿ ಎಂದೋ ಹಿಂದಾಗಿತ್ತು. ಆದರೂ ಲಗಮವ್ವ ಕತ್ತರಿ ತೆಗೆದಳು. ಒಬ್ಬಳೇ ಮಗಳು, ಗದ್ದುಗೆಯಿಲ್ಲದೆ ಬರಿ ನೆಲಕ್ಕೆ ಕೂರಿಸುವುದೇ? ಮೊದಲು ಕೆಂಚಿಯ ಬೆನ್ನಮೇಲೆ ಅಂಗೈ ಇಟ್ಟಳು. ಕೆಂಚಿ ಉಸಿರು ಬಿಡಲಿಲ್ಲ. ಮೈ ಬಿಗಿಹಿಡಿದು ಬಡಗಣಕ್ಕೆ ಮುಖ ಮಾಡಿ ನಿಂತಿತು. ಲಗಮವ್ವ ಕಾದಳು. ಹೊತ್ತು ಏರಿತು, ಹೊತ್ತು ಇಳಿಯಿತು, ಕೆಂಚಿ ಒಪ್ಪಲಿಲ್ಲ. ಅಂದು ಲಗಮವ್ವ ತನ್ನ ಜನ್ಮದಲ್ಲೇ ಮೊದಲ ಸಲ ಹಗ್ಗ ತಂದಳಂತೆ. ಕೆಂಚಿಯ ಕಾಲು ಕಟ್ಟಿದಳು. ಕೆಂಚಿ ಆದ ಮೇಲೆ ಹಿಂಡಿಗೆ ಹಿಂಡನ್ನೇ ಕತ್ತರಿಸಿದಳು.

ತಾಯಿ ಮಗಳು ಕೂತು ನೂಲು ತೆಗೆದರು. ಗಂಡ ಮುದಕಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದ. ಹುಣಸೆಬೀಜದ ಗಂಜಿ ಕುಡಿಸಿ, ಎಳೆದು ಒಣಗಿಸಿ, ಎಂಥ ಕಂಬಳಿ ಮಾಡಿದನೆಂದರೆ ಅದರಲ್ಲಿ ನೀರು ಹೊಯ್ದರೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲವಂತೆ. ಗದ್ದುಗೆಗೆ ಒಂದು, ಬೀಗರಿಗೆ ಹೊದಿಸಲು ಕೆಲವು. ಮಡಚಿ ಅಟ್ಟಕ್ಕೆ ಏರಿಸಿದರು.

ಆಮೇಲೆ ಚಳಿ ಬಂತು. ಅಂಥ ಚಳಿ ಅದಕ್ಕೂ ಹಿಂದೆ ಬಂದಿರಲಿಲ್ಲ ಅನ್ನುತ್ತಾರೆ. ಜೋಳದ ಎಲೆ ಸುಟ್ಟಂತೆ ಕರಿದಾಯಿತು, ಹಾರುವ ಹಕ್ಕಿ ಪಟಪಟ ಉದುರಿತು ಅನ್ನುತ್ತಾರೆ. ಹಕ್ಕಿಯದು ನನಗೆ ಗೊತ್ತಿಲ್ಲ. ಆದರೆ ದೊಡ್ಡಿಯಲ್ಲಿ ಬೋಳು ಮೈಯ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಡುಗುತ್ತಿದ್ದದ್ದು ನಿಜ. ಬೆಳಿಗ್ಗೆ ನೋಡಿದರೆ ಎರಡು ಮರಿ ಕಟ್ಟಿಗೆಯಾಗಿ ಬಿದ್ದಿದ್ದವು. ಮುದಕಪ್ಪ ಬೆಂಕಿ ಹಾಕಿದ. ಕುರಿಗಳು ಬೆಂಕಿಗೆ ಬೆದರಿ ನುಗ್ಗಿದವು, ಇನ್ನೊಂದು ಮರಿ ಕಾಲ್ತುಳಿತಕ್ಕೆ ಹೋಯಿತು.

ಲಗಮವ್ವ ಕೆಂಚಿಯ ಬಳಿ ಹೋಗಿ ಕೈ ಚಾಚಿದಳು. ಕೆಂಚಿ ಆ ಕೈಯನ್ನು ಒಮ್ಮೆ ನೋಡಿ, ಮುಖ ತಿರುಗಿಸಿ, ಗೋಡೆಯ ಕಡೆ ಸರಿದು ನಿಂತಿತು. ಹೆತ್ತ ಮಗಳು ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅಲ್ಲೇ ಕುಸಿದು ಕೂತು ಅತ್ತಳಂತೆ. ಅತ್ತು, ಮೂಗು ಒರೆಸಿಕೊಂಡು, ಎದ್ದು ಮನೆಗೆ ಬಂದು ಅಟ್ಟ ಹತ್ತಿದಳು.

ಕಂಬಳಿಗಳನ್ನು ಹೊತ್ತು ಇಳಿದವಳನ್ನು ಮುದಕಪ್ಪ ಬಾಗಿಲಲ್ಲೇ ತಡೆದ. "ನಿನಗೇನ್ ಹುಚ್ಚ ಹಿಡದೈತೇನ? ಮಗಳ ಗದ್ದಿಗಿ ಅದು!"

"ಗದ್ದಿಗಿ ಆಮ್ಯಾಲ," ಅಂದಳು ಲಗಮವ್ವ. "ಇದನ್ನ ನಾ ಅವಕ್ಕ ಕೇಳದs ತಂದೀನಿ. ಕೇಳದs ತಂದದ್ದಕ್ಕ ಏನಂತಾರ, ನೀನs ಹೇಳು."

ಮುದಕಪ್ಪ ಬಾಗಿಲು ಬಿಟ್ಟು ಸರಿದ. ಅವನು ಹಗಲಿರುಳು ಬೆನ್ನು ಬಗ್ಗಿಸಿ ನೇಯ್ದ ಕಂಬಳಿಗಳನ್ನು ಅವಳು ಅಂಗಳದಲ್ಲಿ ಹಾಸಿ ಕತ್ತರಿಯಿಂದ ತುಂಡು ತುಂಡು ಮಾಡಿದಳು. ಕೆಂಗವ್ವ ಕಂಬ ಹಿಡಿದುಕೊಂಡು ಬಿಕ್ಕಿದಳು. "ಯವ್ವಾ, ನಾ ಏನ್ ಮಾಡಿದ್ನೆವ್ವಾ ನಿನಗ?" ತಾಯಿಯ ಕೈ ಒಮ್ಮೆ ನಿಂತಿತು. ಆಮೇಲೆ ಮತ್ತೆ ಕತ್ತರಿಸಿತು.

ಆ ತುಂಡುಗಳನ್ನು ಒಂದೊಂದು ಕುರಿಯ ಬೆನ್ನಿಗೆ ಹಾಕಿ ಹೊಟ್ಟೆಯಡಿ ದಾರದಿಂದ ಕಟ್ಟಿದಳು. ಸಾವಿರ ಕುರಿಗೆ ಕಟ್ಟಿದಳು ಅನ್ನುತ್ತಾರೆ. ನಮ್ಮೂರವರ ಬಾಯಿಗೆ ಬಿದ್ದರೆ ಒಂದು ನೂರಾಗುತ್ತದೆ. ಹಿಂಡು ಅಷ್ಟಿರಲಿಲ್ಲ, ಇದ್ದ ಹಿಂಡಿಗೆ ಸಾಲುವಷ್ಟು ಕಂಬಳಿಯೂ ಇರಲಿಲ್ಲ. ಕೆಂಚಿಯ ಪಾಲಿಗೆ ತುಂಡೇ ಉಳಿಯಲಿಲ್ಲ. ಲಗಮವ್ವ ತಾನು ಹೊದ್ದ ಹಳೆಯ ಕಂಬಳಿಯನ್ನು ಅದಕ್ಕೆ ಹೊದಿಸಿ, ಸೀರೆಯ ಸೆರಗನ್ನು ಬಿಗಿದುಕೊಂಡು, ಪಕ್ಕದಲ್ಲಿ ಕೂತಳು. ಈ ಸಲ ಬೆನ್ನಮೇಲೆ ಕೈ ಇಡಲಿಲ್ಲ. ಇಡುವ ಧೈರ್ಯ ಬರಲಿಲ್ಲ. ಕೆಂಚಿ ಕಂಬಳಿಯನ್ನು ಕೊಡವಿ ಕೆಡವಿತು. ಅವಳು ಎತ್ತಿ ಹೊದಿಸಿದಳು. ಮತ್ತೆ ಕೆಡವಿತು, ಮತ್ತೆ ಹೊದಿಸಿದಳು. ಕೊನೆಗೆ ಬೆಳಕು ಹರಿಯುವ ಹೊತ್ತಿಗೆ ಕೆಂಚಿ ತಾನಾಗಿ ಬಂದು ಅವಳ ಮಡಿಲಿಗೆ ಗದ್ದ ಊರಿ, ಕಂಬಳಿಯ ಒಂದು ಅಂಚು ಅವಳ ಹೆಗಲಿಗೂ ಬರುವ ಹಾಗೆ ಒತ್ತಿ ಮಲಗಿತಂತೆ. ಮೇವು ತಂದ ಕೆಂಗವ್ವ ಅದನ್ನು ಕಂಡಳು. ದೊಡ್ಡಿಯೊಳಗೆ ಬಂದು ಒಂದು ಮರಿಯನ್ನು ಎತ್ತಿ ತನ್ನ ಸೆರಗಿನೊಳಗೆ ಹಾಕಿಕೊಂಡು ಕೂತಳು. ಅದನ್ನು ನೋಡಿ ಊರಿನವರೂ ತಂತಮ್ಮ ಕಂಬಳಿ ತಂದರು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವವರೆಗೆ ಕರೇದಿನ್ನಿಯ ಜನ ಕುರಿಗಳ ನಡುವೆಯೇ ಮಲಗಿದರಂತೆ. ಆಮೇಲೆ ಒಂದು ಮರಿಯೂ ಸಾಯಲಿಲ್ಲ.

ಮದುವೆ ಮಾತ್ರ ಅದಕ್ಕೂ ಮೊದಲೇ, ಮಾಘದಲ್ಲೇ ಆಗಬೇಕಿತ್ತು. ಬೀಗರು ಬಂದು ಗದ್ದುಗೆ ಎಲ್ಲಿ ಅಂದರು. ಲಗಮವ್ವ ಊರವರ ಕಂಬಳಿ ಸಿಕ್ಕಿದ್ದ ಒಂದಷ್ಟು ಕುರಿಗಳ ಬೆನ್ನಿನಿಂದ ತುಂಡು ಬಿಚ್ಚಿ, ಹೊಲಿದು, ಹಾಸಿದಳು. ಹಿಕ್ಕೆಯ ವಾಸನೆ, ಹುಲ್ಲಿನ ಚೂರು, ಎಲ್ಲ ಹಾಗೇ ಇತ್ತು. ಹುಡುಗನ ಸೋದರಮಾವ ಮೂಗು ಮುಚ್ಚಿಕೊಂಡು, ಕುರಿ ಹೊದ್ದ ಹರಕಿನ ಮೇಲೆ ನಮ್ಮ ಹುಡುಗ ಕೂರುವುದಿಲ್ಲ ಅಂದ. ಲಗಮವ್ವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆಗ ಕೆಂಗವ್ವ ಯಾರೂ ಕೈ ಹಿಡಿದು ಕರೆತರದೆ ತಾನೇ ನಡೆದು ಬಂದು ಆ ಗದ್ದುಗೆಯ ನಡುವೆ ಕೂತಳು. "ಇದು ಇನ್ನಾ ಬೆಚ್ಚಗೈತ್ರಿ ಮಾವಾ," ಅಂದಳು. "ಬರಾಂವ ಬರಲಿ."

ಹುಡುಗ ಒಂದು ಗಳಿಗೆ ಮಾವನ ಮುಖ ನೋಡಿದನಂತೆ. ಆಮೇಲೆ ಬಂದು ಅವಳ ಪಕ್ಕದಲ್ಲಿ ಕೂತು, ಅಂಗೈಯಿಂದ ಕಂಬಳಿ ಮುಟ್ಟಿ ನೋಡಿದನಂತೆ. ಅವನೂ ಕುರಿ ಕಾಯುವವನೇ ತಾನೇ.

ಲಗಮವ್ವ ಹೋಗಿ ಎಷ್ಟು ಕಾಲವಾಯಿತೋ. ಅವಳಿಗೆ ಗುಡಿಯಿಲ್ಲ, ಕಟ್ಟೆಯಿಲ್ಲ. ಆದರೆ ಕರೇದಿನ್ನಿಯಲ್ಲಿ ಇವತ್ತಿಗೂ ಮಾಗಿಯಲ್ಲಿ ಹೊಸ ಕಂಬಳಿ ಬಂದರೆ ಮನುಷ್ಯರು ಮೊದಲು ಹೊದೆಯುವುದಿಲ್ಲ. ದೊಡ್ಡಿಗೆ ಒಯ್ದು ಒಂದು ಕುರಿಗೆ ಹೊದಿಸುತ್ತಾರೆ. ಬೆಳಿಗ್ಗೆ ಕಂಬಳಿ ಕುರಿಯ ಮೈಮೇಲಿದ್ದರೆ ಕೈಮುಗಿದು ತಂದುಕೊಳ್ಳುತ್ತಾರೆ. ಕೊಡವಿ ಕೆಡವಿದ್ದರೆ ಯಾರೂ ಬೈಯುವುದಿಲ್ಲ, ಎತ್ತಿ ಮತ್ತೆ ಹೊದಿಸುತ್ತಾರೆ. ಕೆಲವು ವರ್ಷ ಕುರಿ ಮಾಗಿ ಮುಗಿಯುವವರೆಗೂ ಒಪ್ಪುವುದಿಲ್ಲ. ಆ ಮನೆಯವರು ಆ ಚಳಿಯನ್ನೆಲ್ಲ ಹಳೆಯ ಹರಕಿನಲ್ಲೇ ನಡುಗಿ ಕಳೆಯುತ್ತಾರೆ. ಯಾಕೆ ಅಂತ ಹೊರಗಿನವರು ಕೇಳಿದರೆ, ಕುರಿ ಇನ್ನೂ ಕೊಟ್ಟಿಲ್ಲ ಅನ್ನುತ್ತಾರೆ.