ಸಂಕವ್ವನ ನೀರಿನ ಪೀಪಾಯಿ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಹಿಂದೆ ಕೂತವರಿಗೂ ಕೇಳಿಸಬೇಕು.

ತುಂಬೆಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನ ಅರಮನೆ ಹಿಂದೆ ಒಂದು ಮದ್ದಿನ ತೋಟ. ಆಡುಸೋಗೆ, ಒಂದೆಲಗ, ದೊಡ್ಡಪತ್ರೆ, ಅಮೃತಬಳ್ಳಿ, ಏನುಂಟು ಏನಿಲ್ಲ! ಊರಲ್ಲಿ ಯಾವ ಕೂಸಿಗೆ ಕೆಮ್ಮು ಬಂದರೂ, ಯಾವ ಬಾಣಂತಿಗೆ ಶೀತ ಆದರೂ, ಆ ತೋಟದ ಸೊಪ್ಪೇ ಆಗಬೇಕು.

ತೋಟಕ್ಕೆ ನೀರು ಹೊರುತ್ತಿದ್ದವನು ದ್ಯಾವಣ್ಣ. ಬಾವಿ ಇದ್ದದ್ದು ಒಂದು ಮೂಲೆಯಲ್ಲಿ, ಗಿಡಗಳು ಇನ್ನೊಂದು ಮೂಲೆ ತನಕ. ಹೆಗಲ ಮೇಲೊಂದು ಅಡ್ಡೆ, ಅದರ ಎರಡು ತುದಿಗೆ ಎರಡು ಮಣ್ಣಿನ ಕೊಡ. ಸೇದು, ಹೊರು, ಹೊಯ್ಯಿ. ಮತ್ತೆ ಸೇದು, ಹೊರು, ಹೊಯ್ಯಿ. ಹೀಗೆ ಮೂವತ್ತು ವರ್ಷ.

ಒಂದು ಬೇಸಿಗೆಯಲ್ಲಿ ಅವನ ಬಲಗೈ ಮೇಲಕ್ಕೆ ಏಳದೇ ಹೋಯಿತು. ಹೆಗಲು ಬಾತು ಹಲಸಿನ ಕಾಯಿ ಹಾಗಾಗಿತ್ತು. ನಡೆಯುತ್ತಾ ನಡೆಯುತ್ತಾ ಮುಗ್ಗರಿಸಿದ. ಎರಡೂ ಕೊಡ ಒಡೆದು ಚೂರಾದವು.

ಅದನ್ನು ನೋಡಿದ್ದು ಯಾರು? ಅರಮನೆಯ ಪಾರುಪತ್ಯಗಾರ ಮಲ್ಲರಸಯ್ಯ. ತೋಟ, ಆಳು, ಕೊಟ್ಟಿಗೆ ಎಲ್ಲ ಅವನ ಕೈಕೆಳಗೆ. ತೋಟದ ಅಂಚಿನಲ್ಲಿದ್ದ ದ್ಯಾವಣ್ಣನ ಗುಡಿಸಲನ್ನು ತನ್ನ ಬಾಮೈದನಿಗೆ ಕೊಡಿಸಬೇಕು ಅಂತ ಅವನಿಗೆ ಬಹಳ ದಿನದಿಂದ ಆಸೆ.

"ಲೋ ದ್ಯಾವ, ನೀರು ಹೊರಲಾರದವನಿಗೆ ಗುಡಿಸಲು ಯಾಕೆ? ಮೂರು ದಿನ ಕೊಟ್ಟಿದ್ದೀನಿ. ನಾಲ್ಕನೇ ದಿನ ಒಂದೇ ಒಂದು ಗಿಡ ಬಾಡಿದ್ದರೂ ಗಂಟುಮೂಟೆ ಕಟ್ಟು!" ಅಂದ.

ದ್ಯಾವಣ್ಣ ಗುಡಿಸಲಿಗೆ ಬಂದು ಹೆಂಡತಿ ಸಂಕವ್ವನ ಮುಂದೆ ಕೂತ. ನಡೆದದ್ದನ್ನೆಲ್ಲ ಹೇಳಿದ. ಸಂಕವ್ವ ಅವನ ಅಂಗಿ ಸರಿಸಿ ಹೆಗಲು ನೋಡಿದಳು. ಅವಳ ಕಣ್ಣು ತುಂಬಿತು.

"ಇಷ್ಟು ನೋವಿದ್ದರೂ ನನಗೊಂದು ಮಾತು ಹೇಳಲಿಲ್ಲವಲ್ಲ ನೀವು."

"ಹೇಳಿದ್ರೆ ನೀನು ಅಡ್ಡೆ ಹೊರೋಕೆ ಬರ್ತಿದ್ದೆ, ಸಂಕಿ."

ಸಂಕವ್ವ ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದರ ಮನೆಯಲ್ಲಿ ಹುಟ್ಟಿದವಳು. ಕೂತು ಯೋಚನೆ ಮಾಡಿದಳು. ಕೊನೆಗೆ, "ನೀರನ್ನ ನಾವು ಯಾಕೆ ಹೊರಬೇಕು? ನೀರಿಗೆ ಕಾಲಿಲ್ಲವಾ? ಅದೇ ನಡೆದು ಹೋಗಲಿ" ಅಂದಳು.

ಅಡುಗೆಮನೆಯವರು ಬಿಸಾಕಿದ್ದ ಮರದ ಎಣ್ಣೆ ಪೀಪಾಯಿ ಒಂದನ್ನು ಉರುಳಿಸಿಕೊಂಡು ಬಂದಳು. ಬೂದಿ ಹಾಕಿ ಉಜ್ಜಿ ತೊಳೆದು, ತಳದ ಹತ್ತಿರ ತೂತು ಕೊರೆದು, ಬೇಕೆಂದಾಗ ಕೀಳಲು ಬರುವ ಹಾಗೆ ಮರದ ಬೆಣೆ ಹಾಕಿದಳು. ಉದ್ದುದ್ದ ಬಿದಿರು ತಂದು, ಕಾದ ಸಲಾಕೆ ತೂರಿಸಿ ಒಳಗಿನ ಗೆಣ್ಣುಗಳನ್ನೆಲ್ಲ ಸುಟ್ಟು ಕೊಳವೆ ಮಾಡಿದಳು. ಪೀಪಾಯಿಯ ತೂತಿನಿಂದ ತೋಟದ ಕೊನೆ ತನಕ ಕೊಳವೆಗೆ ಕೊಳವೆ ಸೇರಿಸಿ ಸಂದಿಗೆ ಜೇನುಮೇಣ ಮೆತ್ತಿದಳು. ಕೊಳವೆಯಲ್ಲಿ ಒಂದೊಂದು ಗಿಡದ ಬುಡಕ್ಕೆ ಒಂದೊಂದು ತೂತು ಬಿಟ್ಟಳು.

ಮೊದಲನೇ ದಿನ ಪೀಪಾಯಿಯನ್ನು ಬಾವಿ ಪಕ್ಕ ನೆಲದ ಮೇಲೆ ಇಟ್ಟಳು. ನೀರು ನಾಲ್ಕು ಗಿಡ ದಾಟಲಿಲ್ಲ. ಸೋಮಾರಿ ಎತ್ತಿನ ಹಾಗೆ ನಿಂತುಬಿಟ್ಟಿತು.

"ನೀರು ಇಳಿಯುತ್ತೆ, ಹತ್ತಲ್ಲ. ಎತ್ತರದಲ್ಲಿ ಇಡಬೇಕು ಕಣ್ರೀ" ಅಂದಳು ಸಂಕವ್ವ.

ಎರಡನೇ ದಿನ ಗಂಡ ಹೆಂಡತಿ ಸೇರಿ ಕಲ್ಲು ಪೇರಿಸಿದರು. ದ್ಯಾವಣ್ಣ ಎಡಗೈಯಲ್ಲೇ ಕಲ್ಲು ಉರುಳಿಸಿದ. ಬಾವಿಕಟ್ಟೆಯ ಮಟ್ಟಕ್ಕೆ ಪೀಪಾಯಿ ಕೂತಿತು. ಕಟ್ಟೆ ಮೇಲೆ ನಿಂತು ಸಂಕವ್ವ ರಾಟೆಯಲ್ಲಿ ಸೇದಿ, ಅಲ್ಲೇ ಬಗ್ಗಿಸಿದರೆ ಸಾಕು. ನೀರು ತೋಟದ ಕೊನೆ ತನಕ ಓಡಿತು. ಆದರೆ ಏನಾಯ್ತು? ಹತ್ತಿರದ ಗಿಡಗಳೇ ಹೊಟ್ಟೆ ಬಿರಿಯುವ ಹಾಗೆ ಕುಡಿದವು. ದೂರದ ಗಿಡಗಳಿಗೆ ಬರೀ ತೊಟ್ಟು. ಜೊತೆಗೆ ಬಾವಿಯ ಕಸ ಸೇರಿ ಅರ್ಧ ತೂತು ಕಟ್ಟಿಕೊಂಡವು.

ಆಡುಸೋಗೆ ಇದ್ದದ್ದು ತುದಿಯಲ್ಲಿ. ಎಲೆ ಜೋತುಬಿದ್ದಿತ್ತು. ದ್ಯಾವಣ್ಣ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾಳೆ ಒಂದು ದಿನ ತಡ್ಕೋ ಮಗಾ" ಅಂದ.

ಮೂರನೇ ದಿನ ಸಂಕವ್ವ ಕೊಳವೆಗಳನ್ನು ಬದಲಾಯಿಸಿದಳು. ಹತ್ತಿರದ ಗಿಡಕ್ಕೆ ಸೂಜಿಯಷ್ಟು ಸಣ್ಣ ತೂತು, ನಡುವಿನದಕ್ಕೆ ರಾಗಿ ಕಾಳಿನಷ್ಟು, ದೂರದ್ದಕ್ಕೆ ಜೋಳದ ಕಾಳಿನಷ್ಟು. ಪೀಪಾಯಿ ಬಾಯಿಗೆ ತನ್ನ ಹಳೇ ಸೀರೆಯ ತುಂಡು ಕಟ್ಟಿ ನೀರು ಸೋಸಿದಳು. ಆಮೇಲೆ ತಳದ ಬೆಣೆ ಕಿತ್ತಳು. ಹತ್ತಿರದ ಗಿಡವೂ ಕುಡಿಯಿತು, ದೂರದ ಗಿಡವೂ ಕುಡಿಯಿತು. ಸಂಜೆ ಹೊತ್ತಿಗೆ ಆಡುಸೋಗೆ ತಲೆ ಎತ್ತಿತು.

ನಾಲ್ಕನೇ ದಿನ ಮಲ್ಲರಸಯ್ಯ ಬಂದ. ಹಿಂದೆಯೇ ತೋಟ ನೋಡಲು ಪರಿವಾರದ ಜೊತೆ ರಾಜನೂ ಬಂದ. ತೋಟ ಹಸುರಾಗಿ ನಗುತ್ತಿತ್ತು. ಹೊರುವವರಿಲ್ಲ, ಹೊಯ್ಯುವವರಿಲ್ಲ, ಗಿಡದ ಬುಡವೆಲ್ಲ ಒದ್ದೆ.

"ಯಾರ ಬುದ್ಧಿವಂತಿಕೆ ಇದು?" ಅಂದ ರಾಜ.

ಮಲ್ಲರಸಯ್ಯ ಸರಕ್ಕನೆ ಮುಂದೆ ಬಂದು, "ನನ್ನದೇ ಮಹಾಪ್ರಭು! ಹೇಳಿದವನು ನಾನು, ಕಟ್ಟಿದ್ದು ಮಾತ್ರ ಇವರು" ಅಂದ.

ದ್ಯಾವಣ್ಣ ಮುಂದೆ ನುಗ್ಗಹೋದ. ಸಂಕವ್ವ ಗಂಡನ ಕೈ ಹಿಡಿದುಕೊಂಡಳು. ರಾಜನಿಗೆ ಕೈಮುಗಿದು ಹೇಳಿದಳು: "ಹಾಗೇ ಇರಲಿ ಬುದ್ಧಿ. ಆದ್ರೆ ನಾವು ತಿಳಿಯದ ಜನ. ಅಯ್ಯನೋರು ಮೂರು ಮಾತು ಬಿಡಿಸಿ ಹೇಳಿದ್ರೆ ನಾಳೆ ಕೆಟ್ಟಾಗ ಸರಿ ಮಾಡ್ಕೋತೀವಿ."

"ಕೇಳು ಕೇಳು" ಅಂದ ರಾಜ.

"ಪೀಪಾಯಿನ ಯಾಕೆ ಕಲ್ಲಿನ ಮೇಲೆ ಕೂರಿಸಿದ್ದು?"

ಮಲ್ಲರಸಯ್ಯ ಗಂಟಲು ಸರಿಮಾಡಿಕೊಂಡ. "ಅದು... ನಾಯಿ ಬಾಯಿ ಹಾಕಬಾರದು ಅಂತ."

"ಅದರ ಬಾಯಿಗೆ ಬಟ್ಟೆ ಯಾಕೆ ಕಟ್ಟಿದ್ದು?"

"ಅದು... ದೃಷ್ಟಿ ಆಗಬಾರದು ಅಂತ."

"ಹತ್ತಿರದ ತೂತು ಸಣ್ಣದು, ದೂರದ್ದು ದೊಡ್ಡದು. ಯಾಕೆ?"

"ಅದು... ನಿನ್ನ ಕೈ ನಡುಗಿರಬೇಕು! ಕೊರೆಯೋಕೆ ಬರಲ್ಲ ನಿನಗೆ!"

ರಾಜನ ಜೊತೆ ಬಂದಿದ್ದವರು ನಗು ತಡೆಯಲಾರದೆ ಮುಖ ತಿರುಗಿಸಿದರು. ರಾಜ ಮಾತ್ರ ನಗಲಿಲ್ಲ. "ತಾಯಿ, ನೀನೇ ಹೇಳು" ಅಂದ.

ಸಂಕವ್ವ ಹೇಳಿದಳು. "ಎತ್ತರದಲ್ಲಿದ್ರೆ ತಾನೆ ನೀರು ದೂರ ಓಡೋದು? ಬಟ್ಟೆ ಇದ್ರೆ ಕಸ ಬರಲ್ಲ, ತೂತು ಕಟ್ಟಲ್ಲ. ಹತ್ತಿರದವರ ಬಾಯಿ ಸ್ವಲ್ಪ ಬಿಗಿಹಿಡಿದ್ರೆ ದೂರದವರಿಗೂ ಪಾಲು ಸಿಗುತ್ತೆ ಬುದ್ಧಿ."

"ಇದನ್ನೆಲ್ಲ ಯಾರು ಕಲಿಸಿದರು?"

"ಯಾರೂ ಕಲಿಸಲಿಲ್ಲ ಬುದ್ಧಿ. ಇವರ ಹೆಗಲು ನೋಡೋಕಾಗಲಿಲ್ಲ, ಅಷ್ಟೆ."

ರಾಜ ದ್ಯಾವಣ್ಣನ ಹತ್ತಿರ ಹೋಗಿ ಆ ಹೆಗಲು ನೋಡಿದ. ಪಾರುಪತ್ಯಗಾರನ ಕಡೆ ತಿರುಗಿದ. ಆಮೇಲೆ ಹೇಳಿದ: "ಮಲ್ಲರಸಯ್ಯ, ಈ ಊರಲ್ಲಿ ಇನ್ನೆಷ್ಟು ಜನ ಹೀಗೆ ನೀರು ಹೊರುತ್ತಾರೋ, ಅವರ ಹಿತ್ತಿಲಲ್ಲೆಲ್ಲ ಇಂಥದ್ದೊಂದು ಕಟ್ಟಬೇಕು. ಕಟ್ಟುವವನು ನೀನು. ಹೇಗೆ ಅಂತ ಈ ತಾಯಿಯ ಹತ್ತಿರ ಕಲಿ. ಅಲ್ಲಿವರೆಗೆ ನಿನಗೆ ಪಾರುಪತ್ಯ ಇಲ್ಲ. ಈ ಗುಡಿಸಲು ಇವರು ಬದುಕಿರೋವರೆಗೂ ಇವರದೇ."

ಮಾರನೇ ದಿನವೇ ಮಲ್ಲರಸಯ್ಯ ರುಮಾಲು ಬಿಚ್ಚಿಟ್ಟು, ಸಂಕವ್ವನ ಮುಂದೆ ಸಲಾಕೆ ಹಿಡಿದು ಕೂತ. ಮೊದಲ ಬಿದಿರು ಸೀಳಿಹೋಯಿತು. ಎರಡನೆಯದು ಸುಟ್ಟುಹೋಯಿತು. ಮೂರನೆಯದರಲ್ಲಿ ಕೈಗೇ ಬೊಬ್ಬೆ ಬಂತು. ಸಂಕವ್ವ ಬೈಯಲಿಲ್ಲ. ಲೋಳೆಸರ ಮುರಿದು ಬೊಬ್ಬೆಗೆ ಹಚ್ಚಿ, "ನಿಧಾನವಾಗಿ ಮಾಡಿ ಅಯ್ಯನೋರೇ, ಬರುತ್ತೆ" ಅಂದಳು. ಅವನು ತಲೆ ಎತ್ತಲಿಲ್ಲ. ಆದರೆ ನಾಲ್ಕನೇ ಬಿದಿರು ಸರಿಯಾಗಿ ಬಂತು.

ಇತ್ತ ದ್ಯಾವಣ್ಣ? ಬೆಳಗಾಗೆದ್ದು ಬಾವಿಗೆ ಓಡುತ್ತಿದ್ದವನು, ಹೆಂಡತಿ ಪಕ್ಕ ಕೂತು ಬಿಸಿ ಬಿಸಿ ಅಂಬಲಿ ಕುಡಿದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಇಬ್ಬರೂ ಒಟ್ಟಿಗೆ ಕೂತು ಬೆಳಗಿನ ಅಂಬಲಿ ಕುಡಿದದ್ದು ಅದೇ ಮೊದಲು. ಅಂಬಲಿ ಆರಿಹೋದರೂ ಇಬ್ಬರೂ ಏಳಲಿಲ್ಲವಂತೆ.

ಇಷ್ಟೇ ಮಕ್ಕಳೇ, ಮರೀಬೇಡಿ: ಇನ್ನೊಬ್ಬರು ಮಾಡಿದ್ದನ್ನು ನಂದು ಅಂತ ಹೇಳಿಕೊಂಡವನು ಮೂರು ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ತನ್ನವರ ನೋವು ಕಂಡು ಕೆಲಸಕ್ಕೆ ಇಳಿದವರಿಗೆ ದಾರಿ ತಾನಾಗಿ ಹೊಳೆಯುತ್ತದೆ.