ಬಾಯಿ ತುಂಬ ಹೊಳೆ ನೀರು

"ಮತ್ತ ನಡುವ ಬಾಯಿ ಹಾಕಿದಿ," ಎಂದರು ಅಜ್ಜಾರು. "ನಾ ಕೇಳಿದ್ದು ಹುಡುಗಿನ್ನ."

ಮಹಾನಂದಾ ಸೆರಗು ಬಾಯಿಗೆ ಒತ್ತಿಕೊಂಡು ತಪ್ಪಾಯಿತೆಂದಳು. ಮಗಳ ಪರವಾಗಿಯೂ ತಾನೇ ತಪ್ಪಾಯಿತೆಂದಳು.

ಹೊಳೆದಂಡೆಯ ಆ ಸಣ್ಣ ಆಶ್ರಮದಲ್ಲಿ ಇದ್ದವರು ಅಜ್ಜಾರು ಒಬ್ಬರೇ. ಅವರಿಗೆ ಬೇರೆ ಹೆಸರಿತ್ತೋ ಇಲ್ಲವೋ, ಊರಿಗೆಲ್ಲ ಅವರು ಅಜ್ಜಾರು. ಮಹಾನಂದಾ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವರ ಶಿಷ್ಯೆ. ಸೋಮವಾರ ತಪ್ಪಿಸಿದವಳಲ್ಲ.

ಇವತ್ತು ಸೋಮವಾರವಲ್ಲ. ಮಗಳು ಶ್ರಾವಣಿಯನ್ನು ಕರೆದುಕೊಂಡು ಬಂದಿದ್ದಳು.

ಹುಡುಗಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದವು. ಯಾವ ಡಿಗ್ರಿ, ಯಾವ ಕಾಲೇಜು ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಬೇಕಿತ್ತು. ನಾಳೆ ತಪ್ಪಿದರೆ ಸೀಟು ತಪ್ಪಿತು.

ಮಹಾನಂದಾಗೆ ಡಿಗ್ರಿಯ ಬಗ್ಗೆ ಅನುಮಾನವಿರಲಿಲ್ಲ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಕಾಲೇಜಿನ ಬಗ್ಗೆಯೂ ಅನುಮಾನವಿರಲಿಲ್ಲ. ತಾಲೂಕಿನದೇ, ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆ ಮನೆ ಸೇರುವಂಥದು. ಅನುಮಾನವಿದ್ದದ್ದು ಮಗಳ ಬಗ್ಗೆ. ಅವಳು ಹೂಂ ಅನ್ನುತ್ತಿರಲಿಲ್ಲ, ಉಹೂಂ ಅಂತಲೂ ಅನ್ನುತ್ತಿರಲಿಲ್ಲ. ಅಜ್ಜಾರು ಒಂದು ಮಾತು ಹೇಳಿದರೆ ಹೂಂ ಅಂದಾಳು ಎಂದು ಎಳೆದುಕೊಂಡು ಬಂದಿದ್ದಳು.

ಅಜ್ಜಾರು ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಕುಳಿತು ಹುಣಸೆಹಣ್ಣು ಹಾಕಿ ತಾಮ್ರದ ತಂಬಿಗೆ ಉಜ್ಜುತ್ತಿದ್ದರು. ಉಜ್ಜುತ್ತಲೇ ಹುಡುಗಿಗೆ ಯಾವ ಪಾಠ ಸೇರುತ್ತದೆ ಎಂದು ಕೇಳಿದ್ದರು. ಗಣಿತ ಎಂದಿದ್ದಳು ತಾಯಿ. ಹೊಳೆಯಲ್ಲಿ ಈಜಲು ಬರುತ್ತದೆಯೇ ಎಂದು ಕೇಳಿದ್ದರು. ತಣ್ಣೀರು ಅವಳಿಗೆ ಆಗಿಬರುವುದಿಲ್ಲ ಎಂದಿದ್ದಳು ತಾಯಿ.

ಈಗ ಅವರು ಇನ್ನೊಮ್ಮೆ ಹುಡುಗಿಯ ಕಡೆ ತಿರುಗಿದರು. ಇಷ್ಟನ್ನಾದರೂ ಅವಳೇ ಹೇಳಲಿ ಎಂದೋ ಏನೋ, ಹೆಸರು ಕೇಳಿದರು.

"ಶ್ರಾವಣಿ ರೀ," ಎಂದಳು ಮಹಾನಂದಾ.

ಅಜ್ಜಾರು ನಕ್ಕರು. ಹುಡುಗಿ ನಗಲಿಲ್ಲ. ಅವಳಿಗೆ ಇದು ಹೊಸತಾಗಿರಲಿಲ್ಲ.

"ಇರ್ಲಿ, ನೀನ ಹೇಳು," ಎಂದರು ಅವರು ತಾಯಿಗೆ. "ಆ ಡಿಗ್ರಿನ ಯಾಕ?"

ಮಹಾನಂದಾ ಈ ಪ್ರಶ್ನೆಗಾಗಿಯೇ ಕಾದವಳಂತೆ ಶುರು ಮಾಡಿದಳು. ಕರೆಂಟ್ ಆಫೀಸಿಗೆ ಒಬ್ಬ ಇಂಜಿನಿಯರ್ ಮೇಡಮ್ ಬಂದಿದ್ದಾರೆ. ಜೀಪಿನಿಂದ ಅವರು ಇಳಿದರೆ ಕಟ್ಟೆಯ ಮೇಲಿನ ಗಂಡಸರು ಬೀಡಿ ಎಸೆದು ಎದ್ದು ನಿಲ್ಲುತ್ತಾರೆ. ಆ ಮೇಡಮ್ ಚಂದವಿಲ್ಲ, ಬಣ್ಣವಿಲ್ಲ, ದೊಡ್ಡ ಮನೆತನವೂ ಅಲ್ಲ. ಎದ್ದು ನಿಂತದ್ದು ಅವರ ಪಗಾರಕ್ಕೆ.

ತನ್ನದನ್ನೂ ಹೇಳಿದಳು. ಹತ್ತನೆಯದರಲ್ಲಿ ತಾನು ಫಸ್ಟ್ ಕ್ಲಾಸ್. ಕಾಲೇಜಿಗೆ ಕಳಿಸಿ ಎನ್ನಲು ಹೆಡ್‌ಮಾಸ್ತರರೇ ಮನೆಗೆ ಬಂದಿದ್ದರು. ಅಪ್ಪ ಅವರಿಗೆ ಚಹಾ ಕುಡಿಸಿ, ಬಾಗಿಲ ತನಕ ಹೋಗಿ ಕಳಿಸಿಕೊಟ್ಟು, ಒಳಗೆ ಬಂದು ಮದುವೆಯ ಮಾತು ತೆಗೆದಿದ್ದ.

ಗಂಡ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಒಳ್ಳೆಯ ಗಂಡ ಅನ್ನಿಸಿಕೊಳ್ಳಲು ಊರಲ್ಲಿ ಅಷ್ಟು ಸಾಕು. ಆದರೆ ಬಳೆ ಕೊಂಡರೆ ಯಾಕೆ ಅನ್ನುತ್ತಾನೆ. ತವರಿಗೆ ಹೊರಟರೆ ಯಾಕೆ ಅನ್ನುತ್ತಾನೆ. ಇವಳು ತಿರುಗಿ ಒಂದು ದಿನವೂ ಅವನನ್ನು ಯಾಕೆ ಎಂದು ಕೇಳಿದ್ದಿಲ್ಲ. ಪಗಾರ ತರುವವನು ಅವನು.

"ಪಗಾರ ಇದ್ದಾಕಿಗೆ ಯಾರೂ ಯಾಕ ಅನ್ನೂದಿಲ್ರಿ ಅಜ್ಜಾರ," ಎಂದಳು. "ನನಗ ಅಷ್ಟ ಗೊತ್ತೈತಿ. ಅಷ್ಟು ಗೊತ್ತಿದ್ರ ಸಾಕು."

"ವಿದ್ಯಾ ಅನ್ನೂದು ಪಗಾರದ ಸಲುವಾಗಿ ಅಲ್ಲ, ತಂಗಿ. ವಿದ್ಯಾ ಅಂದ್ರ..."

"ನಿಮಗ ರೊಟ್ಟಿ ಭಕ್ತರು ತರ್ತಾರ್ರಿ. ನನ್ನ ಮಗಳಿಗೆ ಯಾರು ತರ್ತಾರ?"

ಅಂದುಬಿಟ್ಟ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುವಿಗೆ ಹೀಗೆ ಅಂದವರನ್ನು ಅವಳು ಕಂಡಿರಲಿಲ್ಲ.

ಅಜ್ಜಾರ ಕೈ ತಂಬಿಗೆಯ ಮೇಲೆ ನಿಂತಿತು. ಅವರು ಆಶ್ರಮದ ಒಳಗೆ ತೊಲೆಗೆ ತೂಗಿದ ನೆಲುವನ್ನು ನೋಡಿದರು. ಅದರಲ್ಲಿ ಬಟ್ಟೆ ಸುತ್ತಿದ ರೊಟ್ಟಿಗಳಿದ್ದವು. ಯಾವ ಮನೆಯಿಂದ ಬಂದವೆಂದು ಇಬ್ಬರಿಗೂ ಗೊತ್ತಿತ್ತು.

"ಖರೆ," ಎಂದರು. "ಆ ಮಾತು ನಾ ಆಡಬಾರದಿತ್ತು."

ಗೆದ್ದೆನೆಂದುಕೊಂಡಳು ಮಹಾನಂದಾ. ಹಾಗಿದ್ದರೆ ಅದನ್ನೇ ಮಗಳಿಗೂ ಹೇಳಿ ಎಂದು ದುಂಬಾಲು ಬಿದ್ದಳು.

ಅಜ್ಜಾರು ತಂಬಿಗೆ ತೊಳೆದು ಅವಳ ಕೈಗೆ ಕೊಟ್ಟರು. ಹೊಳೆಯ ನೀರು ತುಂಬಿಕೊಂಡು ಬರಲು ಹೇಳಿದರು. ತೀರ್ಥ ಮಾಡಿ ಮಗಳ ತಲೆಯ ಮೇಲೆ ಹಾಕುತ್ತಾರೆಂದು ಅವಳು ಲಗುಬಗೆಯಿಂದ ಇಳಿದು ತಂದಳು.

"ಬಾಯಿ ತುಂಬ ತಗೋ," ಎಂದರು. "ನುಂಗಬ್ಯಾಡ, ಉಗುಳಬ್ಯಾಡ. ನಾ ಹೇಳೂ ತನಕ ಹಂಗ ಹಿಡ್ಕೊಂಡಿರು."

ಏಕೆಂದು ಕೇಳುವ ಹೊತ್ತಿಗೆ ಬಾಯಿ ತುಂಬಿತ್ತು.

ಅಜ್ಜಾರು ಮತ್ತೆ ಹುಡುಗಿಯ ಕಡೆ ತಿರುಗಿದರು. ನಿನಗೇನು ಓದಬೇಕಾಗಿದೆ ಎಂದು ಕೇಳಿದರು.

ಶ್ರಾವಣಿ ತಾಯಿಯ ಮುಖ ನೋಡಿದಳು. ಬಾಯಿ ಕಟ್ಟಿದ್ದರೇನು, ತಾಯಿಯ ಹುಬ್ಬು ಹೇಳುತ್ತಿತ್ತು, ಕಣ್ಣು ಹೇಳುತ್ತಿತ್ತು, ಗದ್ದವೂ ಹೇಳುತ್ತಿತ್ತು.

ಅಜ್ಜಾರು ಮಹಾನಂದಾಗೆ ಹೊಳೆಯ ಕಡೆ ಮುಖ ಮಾಡಿ ಕೂಡಲು ಹೇಳಿದರು. ಅವಳು ಕುಂಡೆ ಎಳೆದು ತಿರುಗಿ ಕುಳಿತಳು. ಈಗ ಮಗಳಿಗೆ ಕಾಣುತ್ತಿದ್ದದ್ದು ತಾಯಿಯ ಬೆನ್ನು ಮಾತ್ರ.

ಆಚೆ ದಂಡೆಯಲ್ಲಿ ಯಾರೋ ಎಮ್ಮೆಯ ಮೈ ತೊಳೆಯುತ್ತಿದ್ದರು.

"ಎಲೆಕ್ಟ್ರಿಕಲ್," ಎಂದಳು ಶ್ರಾವಣಿ.

ತಾಯಿಯ ಭುಜ ಹಗುರಾದದ್ದು ಹಿಂದಿನಿಂದಲೂ ಕಂಡಿತು.

"ಅದು ನಿಮ್ಮವ್ವನ ಮಾತು," ಎಂದರು ಅಜ್ಜಾರು.

"ಅಲ್ರಿ. ನಂದ. ಪಗಾರ ಇದ್ದಾಕಿಗೆ ಯಾರೂ ಯಾಕ ಅನ್ನೂದಿಲ್ಲ ಅಂತ ಅವ್ವ ದಿನಾ ಹೇಳ್ತಾಳ. ಆ ಮಾತು ನನಗ ಬಾಳ ಸೇರತೈತಿ."

"ನಿನಗ ಯಾರು ಯಾಕ ಅಂತಾರ? ಅಪ್ಪನೇನು?"

"ಯಾಕ ಅನ್ನಾಕ ಅಪ್ಪಗ ಪಾಳಿನ ಬರೂದಿಲ್ರಿ."

ಅಜ್ಜಾರು ಕಾದರು.

ಆಮೇಲೆ ಹುಡುಗಿ ತಾಯಿಯ ಬೆನ್ನು ನೋಡುತ್ತ ಹೇಳತೊಡಗಿದಳು. ದನಿ ಏರಿಸಲಿಲ್ಲ. ಅಭ್ಯಾಸ ಮಾಡಿದ ಪಾಠದಂತೆ ಹೇಳಿದಳು. ಬಚ್ಚಲಲ್ಲಿ ತಡವಾದರೆ ಯಾಕೆ. ಗೆಳತಿ ಫೋನ್ ಮಾಡಿದರೆ ಯಾಕೆ. ನಕ್ಕರೆ ಯಾಕೆ, ಸುಮ್ಮನಿದ್ದರೆ ಯಾಕೆ, ಕೋಣೆಯ ಬಾಗಿಲು ಮುಚ್ಚಿಕೊಂಡರೆ ಯಾಕೆ. ನಿನ್ನ ಸಲುವಾಗಿ ನಾನು ಇಷ್ಟೆಲ್ಲ ಮಾಡುತ್ತಿದ್ದೇನೆ, ಆದರೂ ಯಾಕೆ.

"ಅದಕ್ಕ ಆ ಡಿಗ್ರಿನ ತಗೋತೀನ್ರಿ," ಎಂದಳು. "ಆದ್ರ ಅವ್ವ ಹೇಳಿದ ಕಾಲೇಜಲ್ಲ. ಸಂಜಿಗೆ ಮನಿಗೆ ಬರಾಕ ಆಗದಷ್ಟು ದೂರ ಇರಬೇಕು. ಮನೀ ಅಡ್ರೆಸ್ ಕೇಳಿದ್ರ ಹಾಸ್ಟೆಲ್ಲಿಂದು ಹೇಳಬೇಕು ನಾ."

"ಪಗಾರ ಬಂದ ಮ್ಯಾಲ?"

"ಅವ್ವಗ ಕಳಸ್ತೀನಿ. ತಿಂಗಳಾ ತಪ್ಪದ ಕಳಸ್ತೀನಿ." ಹುಡುಗಿ ತಾಯಿಯ ಬೆನ್ನಿನಿಂದ ಕಣ್ಣು ತೆಗೆದಳು. "ನಾ ಬರೂದಿಲ್ಲ."

ಆಚೆ ದಂಡೆಯ ಎಮ್ಮೆ ನೀರಿನಿಂದ ಎದ್ದು ಹೋಯಿತು.

ಅಜ್ಜಾರು ಹುಡುಗಿಗೆ, ನಿನ್ನ ಮನಸ್ಸಿಗೆ ಬಂದದ್ದನ್ನು ನಾಳೆ ನೀನೇ ಫಾರ್ಮಿನಲ್ಲಿ ತುಂಬು ಎಂದರು. ಒಳ್ಳೆಯದಾಗಲಿ ಅಂತಲೂ ಅನ್ನಲಿಲ್ಲ, ತಾಯಿಯ ಮನಸ್ಸು ನೋಯಿಸಬೇಡ ಅಂತಲೂ ಅನ್ನಲಿಲ್ಲ. ಶ್ರಾವಣಿ ಅವರ ಕಾಲು ಮುಟ್ಟಿ, ಮೆಟ್ಟಿಲು ಹತ್ತಿ ಹೋಗಿ ಚಪ್ಪಲಿ ಮೆಟ್ಟಿಕೊಂಡು ನಿಂತಳು.

"ಇನ್ನ ಉಗುಳು," ಎಂದರು ಅಜ್ಜಾರು ತಾಯಿಗೆ.

ಮಹಾನಂದಾ ತಿರುಗಿದಳು. ಬಾಯಲ್ಲಿ ನೀರಿರಲಿಲ್ಲ. ಯಾವ ಮಾತಿಗೆ ನುಂಗಿದಳೆಂದು ಅವರು ಕೇಳಲಿಲ್ಲ.

ಅವಳು ಬಿಟ್ಟೂ ಬಿಡದೆ ಮಾತಾಡಿದಳು. ಇದೆಲ್ಲ ಯಾರೋ ಗೆಳತಿಯರು ತುಂಬಿಸಿದ್ದು. ಆ ಹುಡುಗಿಗೆ ಬುದ್ಧಿಯಿಲ್ಲ. ಜ್ವರ ಬಂದಾಗ ಪಕ್ಕದಲ್ಲಿ ಕುಳಿತವರು ಯಾರು? ಅಪ್ಪನ ಎದುರು ನಿಂತು ಪಿಯುಸಿಗೆ ಸೇರಿಸಿದವರು ಯಾರು? ನಾನು ಬೇಡಿದ್ದು ಏನು ಅಜ್ಜಾರ, ನನಗಾದದ್ದು ಅವಳಿಗೆ ಆಗದಿರಲಿ ಎಂದಷ್ಟೇ.

"ಆಕಿಗೆ ಆಗೂದಿಲ್ಲ," ಎಂದರು ಅಜ್ಜಾರು. "ನೀ ಬೇಡಿದ ಡಿಗ್ರಿನ ಆತು. ಬೇಡಿದ ಪಗಾರನೂ ಬರತೈತಿ."

ಅವಳು ಅಳಲಿಲ್ಲ. ಅಳುವಿಗೆ ಬೇಕಾದ ತೇವವೂ ಅವಳಲ್ಲಿ ಉಳಿದಿರಲಿಲ್ಲ.

"ಆಕೀದು ಮುಗೀತು. ನಿಂದು ಹೇಳು," ಎಂದರು. "ಅಂದು ನಿನ್ನ ಕಾಲೇಜಿಗೆ ಕಳಿಸಿದ್ರ ಏನ್ ಓದತಿದ್ದಿ?"

"ನಮ್ಮಪ್ಪ..." ಎಂದಳು ಮಹಾನಂದಾ.

"ಅಪ್ಪನ್ನ ಬಿಡು."

"ನಮ್ಮ ಮನಿಯವರು..."

"ಗಂಡನ್ನೂ ಬಿಡು."

ಮಹಾನಂದಾ ಕತ್ತು ತಿರುಗಿಸಿ, ಮೆಟ್ಟಿಲ ಮೇಲೆ ನಿಂತ ಹುಡುಗಿಯ ಮುಖ ನೋಡಿದಳು.

"ಮಗಳ ಕಡೆ ಯಾಕ ನೋಡತಿ?" ಎಂದರು ಅಜ್ಜಾರು. "ಕೇಳಿದ್ದು ನಿನ್ನ. ಏನ್ ಬೇಕಾಗಿತ್ತು ನಿನಗ?"