ಸಾಯಬಣ್ಣ ಒರೆಸಿದ ನೆಲ

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದಾಕ್ಷಣ ದೊಡ್ಡದನ್ನೇನೂ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಬೇವಿನ ಮರ, ಹೊಸದಾಗಿ ಕಟ್ಟಿದ ಒಂದು ಪಡಸಾಲೆ.

ಅಲ್ಲಿದ್ದವರು ಮುರಿಗೆಪ್ಪ ಎಂಬ ವಯಸ್ಸಾದ ಗುರು. ಅವರನ್ನು ಅಪ್ಪಾರು ಎಂದು ಕರೆಯುವ ಶಿಷ್ಯರು ಇಬ್ಬರಿದ್ದರು. ಈಗ ಒಬ್ಬನೇ.

ತೀರಿಕೊಂಡವನು ಸಾಯಬಣ್ಣ. ಉಳಿದವನು ರೇವಪ್ಪ.

ಪಡಸಾಲೆಗೆ ಶಹಾಬಾದಿ ಫರಸಿ ಕಲ್ಲು ಹಾಸಿದವನು ಸಾಯಬಣ್ಣನೇ. ಆಶ್ರಮ ಸೇರುವ ಮುಂಚೆ ಅವನು ಗಾರೆ ಕೆಲಸ ಮಾಡಿಕೊಂಡಿದ್ದವನು. ಕಲ್ಲು ಹಾಸಿ, ಸಂದಿಗಳಿಗೆ ಸಿಮೆಂಟು ತುಂಬಿ, ಮೇಲೆ ಮೆತ್ತಿಕೊಂಡಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಬಂದಿದ್ದ. ಹಸಿ ಇರುವಾಗಲೇ ಒರೆಸಬೇಕು. ಒಣಗಲು ಬಿಟ್ಟರೆ ಕಲ್ಲಿನ ಮೇಲೆ ಬಿಳಿ ಪೊರೆಯೊಂದು ಕೂತುಬಿಡುತ್ತದೆ.

"ಪೂರಾ ಒರಸಿದ ಮ್ಯಾಲ ನೋಡು ರೇವಪ್ಪ, ನೆಲ ಹೊಳಿ ನೀರಿನಂಗ ಕಾಣ್ತದ," ಅಂದಿದ್ದ. "ಅಪ್ಪಾರು ಧೋತರ ಎತ್ತಿ ಹಿಡಕೊಂಡೇ ಒಳಗ ಬರಬೇಕು, ಹಂಗ!"

ಅರ್ಧ ಒರೆಸಿ ಗೋಡೆಗೆ ಒರಗಿ ಕೂತ.

"ದಣದೀನಿ. ಒಂದು ಕೊಡ ನೀರು ತಾ," ಅಂದ.

ರೇವಪ್ಪ ಹೊಳೆಗೆ ಹೋಗಿ ಕೊಡ ಹೊತ್ತು ಬರುವಷ್ಟರಲ್ಲಿ ಸಾಯಬಣ್ಣ ಹೋಗಿಬಿಟ್ಟಿದ್ದ. ದೇಹ ಗೋಡೆಗೆ ಒರಗಿಯೇ ಇತ್ತು. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಆ ಬಟ್ಟೆ ಆಮೇಲೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಆ ದುಃಖದಲ್ಲಿ ನೆಲ ಯಾರಿಗೆ ನೆನಪಾದೀತು? ಸಿಮೆಂಟು ತನ್ನ ಪಾಡಿಗೆ ಒಣಗಿತು. ಸಾಯಬಣ್ಣ ಒಂದು ಸಲವಷ್ಟೇ ಒರೆಸಿದ್ದ ಕಡೆಯೆಲ್ಲ, ಬಿಳಿ ಪೊರೆಯೊಳಗೆ ಅವನ ಕೈ ಸುತ್ತಿದ ಗುರುತುಗಳು ಅರ್ಧಚಂದ್ರದ ಹಾಗೆ ಉಳಿದವು.

ಸಾಯಬಣ್ಣನ ಆರಾಧನೆಯ ದಿನ ಹತ್ತಿರ ಬಂತು. ಮಾತಾಡಿಸಲು ಬಂದ ಊರವರು ಕೂತು ಎದ್ದರೆ ಬಟ್ಟೆಗೆಲ್ಲ ಬಿಳಿ ಪುಡಿ ಮೆತ್ತುತ್ತಿತ್ತು.

"ರೇವಪ್ಪ, ನೆಲ ಸ್ವಚ್ಛ ಮಾಡು," ಅಂದರು ಗುರುಗಳು.

"ಹೂಂ ರಿ ಅಪ್ಪಾರ."

ಮಾಡಲಿಲ್ಲ. ಮರುದಿನ ಮತ್ತೆ ಹೇಳಿದರು. ಮತ್ತೆ ಹೂಂಗುಟ್ಟಿದ, ಮತ್ತೆ ಮಾಡಲಿಲ್ಲ. ಪಡಸಾಲೆಗೆ ಹೋಗಿ ಆ ಗುರುತುಗಳ ಮೇಲೆ ಬೆರಳಾಡಿಸುತ್ತಾ ಕೂತಿರುತ್ತಿದ್ದ. ಅವನಿಗೆ ಅಣ್ಣ ತಮ್ಮ ಅಂತ ಯಾರೂ ಇರಲಿಲ್ಲ. ಇದ್ದವನು ಸಾಯಬಣ್ಣ ಒಬ್ಬನೇ.

ಮೂರನೆಯ ಸಲ ಹೇಳಿಸಿಕೊಂಡ ಮೇಲೆ ಏಳಲೇಬೇಕಾಯಿತು. ದೇವರ ಮುಂದಿನ ಹಿತ್ತಾಳೆ ಸಮೆ ದೀಪಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಅಭ್ಯಾಸವಾಗಿದ್ದ ಕೈ ಅದು. ಹಿತ್ತಾಳೆಯ ಕಿಲುಬೇ ಹೋಗುತ್ತದೆ, ಕಲ್ಲೇನು ಮಹಾ ಅಂದುಕೊಂಡ. ಹುಣಸೆ ನೆನೆಹಾಕಿ, ಗುರುತುಗಳಿಲ್ಲದ ಬಾಗಿಲ ಬಳಿಯ ಕಲ್ಲೊಂದನ್ನು ಆರಿಸಿಕೊಂಡು ದಪ್ಪಗೆ ಬಳಿದು ಬಿಟ್ಟ.

ತೊಳೆದು ನೋಡಿದರೆ ಪೊರೆ ಹೋಗಿತ್ತು. ಅದರ ಜೊತೆಗೆ ಕಲ್ಲಿನ ಮೈಯ ನುಣುಪೂ ಹೋಗಿ, ಮಾಸಲು ಕಲೆಯೊಂದು ಎದ್ದಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅನ್ನುತ್ತಿದ್ದರು. ರೇವಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಹಾಗೆ.

"ಅಪ್ಪಾರ, ಹುಳಿ ಹಚ್ಚಿದ್ರ ಕಲ್ಲೇ ಸುಡ್ತದ್ರಿ. ಇದು ಹೋಗಂಗಿಲ್ಲ. ಹಂಗೇ ಇರ್ಲಿ ಬಿಡ್ರಿ."

ಗುರುಗಳು ಬಂದು, ಬಗ್ಗಿ, ಕಲೆಯ ಮೇಲೆ ಕೈಯಾಡಿಸಿದರು. ಕಣ್ಣು ಮಂಜಾಗಿದ್ದವು ನಿಜ. ಆದರೆ ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?

"ಕಲ್ಲು ಸುಟ್ಟದ್ದು ಖರೆ," ಅಂದರು. "ಆದ್ರ ನಿನ್ನ ಮಾರಿ ಮ್ಯಾಲ ಸುಟ್ಟ ಸಂಕಟ ಕಾಣವಲ್ದು."

ರೇವಪ್ಪ ತಲೆ ತಗ್ಗಿಸಿದ.

ಗುರುಗಳು ಅಡುಗೆಮನೆಗೆ ಹೋದರು. ಒಂದು ಹೆಂಟೆ ಬೆಲ್ಲ ತಂದು, ಬಿಸಿನೀರಿನ ಬೋಗುಣಿಯಲ್ಲಿ ಕೈಯಾರೆ ಕರಗಿಸಿದರು.

"ಇದ್ಯಾಕ್ರಿ?"

"ಹುಳಿ ಕಲ್ಲು ತಿಂತದ. ಸಿಹಿ ಕಲ್ಲಿಗಿ ಏನೂ ಮಾಡಂಗಿಲ್ಲ, ಸಿಮೆಂಟಿನ ಹಿಡಿತ ಅಷ್ಟೇ ಸಡಲ ಮಾಡ್ತದ. ಸಾಯಬಣ್ಣ ಹೇಳಿದ್ದು."

ಸಾವಿನ ನಂತರ ಆ ಹೆಸರು ಗುರುಗಳ ಬಾಯಲ್ಲಿ ಬಂದದ್ದು ಅದೇ ಮೊದಲು. ಏನಾದರೂ ಅನ್ನಬೇಕಲ್ಲ ಅಂತ ರೇವಪ್ಪ ಅಂದ:

"ಇರುವಿ ಬರ್ತಾವ್ರಿ ಅಪ್ಪಾರ."

"ಬರ್ಲಿ. ಆರಾಧನಿಗಿ ಯಾರರೆ ಮೊದಲು ಬರಬೇಕಲ್ಲ."

ಅಷ್ಟು ಹೇಳಿ, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ನೆಲಕ್ಕೆ ಕೂತರು. ಗೋಣಿಚೀಲದ ತುಂಡನ್ನು ಬೆಲ್ಲದ ನೀರಲ್ಲಿ ಅದ್ದಿ ಒಂದು ಕಲ್ಲಿನ ಮೇಲೆ ಇಟ್ಟರು. ಪೊರೆ ನೆನೆಯಲು ಬಿಟ್ಟು ತಿಕ್ಕಿದರು. ಬಿಳಿ ಪೊರೆ ಹಾಲಿನಂತೆ ಕದಡಿ ಹರಿಯಿತು. ಕೆಳಗಿನಿಂದ ಬೂದು ನೀಲಿ ಬಣ್ಣದ ಕಲ್ಲು ಕಂಡಿತು. ಗೋಣಿ ಮುಂದಕ್ಕೆ ಸರಿಯಿತು, ಮೊದಲ ಅರ್ಧಚಂದ್ರದ ಹತ್ತಿರಕ್ಕೆ.

ರೇವಪ್ಪ ಹಾರಿ ಅವರ ಕೈ ಹಿಡಿದುಕೊಂಡ.

"ಬ್ಯಾಡ್ರಿ ಅಪ್ಪಾರ! ಇದು ಅವನ ಕೈ ರಿ. ಇಲ್ಲಿ ನೋಡ್ರಿ, ಹಿಂಗ ಬಂದು ಹಿಂಗ ತಿರುಗ್ಯಾದ. ಇದನ್ನೂ ಒರಸಿದ್ರ ಅವಂದು ಅಂತ ಏನ್ರಿ ಉಳೀತದ?"

ಗುರುಗಳು ಗೋಣಿ ಬಿಡಲಿಲ್ಲ.

ರೇವಪ್ಪನಿಗೆ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು.

"ನನಗ ಹೇಳ್ತೀರಿ. ನೀವೂ ದಿನಾ ಗೋಡಿ ಹಿಡಕೊಂಡು ಬಳಸಿ ಹೋಗ್ತೀರಿ. ಈ ಕಲ್ಲು ತುಳಿಯಂಗಿಲ್ಲ. ನಾ ನೋಡೀನಿ!"

ಅವನು ಗುರುವಿಗೆ ಹಾಗೆ ಎಂದೂ ಎದುರಾಡಿದ್ದಿಲ್ಲ. ಆಡಿದ ಮೇಲೆ ಅವನಿಗೇ ಹೆದರಿಕೆಯಾಯಿತು.

"ಹೌದು," ಅಂದರು ಗುರುಗಳು. "ತುಳಿಯಂಗಿಲ್ಲ."

ಅವರ ಗಡ್ಡ ಒದ್ದೆಯಾಗಿತ್ತು. ಮರೆಮಾಚಲು ಹೋಗಲಿಲ್ಲ.

"ನನಗ ಮಣ್ಣು ಕೊಡಬೇಕಾದಂವ ಅಂವ. ನಾನೇ ಅವಗ ಮಣ್ಣು ಕೊಟ್ಟೆ. ಹೆಂಗ ತುಳೀಲಿ?"

ಬೋಗುಣಿಯ ಅಂಚಿಗೆ ಆಗಲೇ ಒಂದೆರಡು ಇರುವೆ ಬಂದಿದ್ದವು.

ಗುರುಗಳು ಗೋಣಿಯನ್ನು ಬದಿಗಿಟ್ಟು ಕೇಳಿದರು.

"ಕಡೀಕ ಎಲ್ಲಿ ಒರಸಿದ್ದ? ತೋರಸು."

ರೇವಪ್ಪ ಅವರನ್ನು ಎಬ್ಬಿಸಿ ಕೈಹಿಡಿದು ಗೋಡೆಯ ಕಡೆಯ ಕಲ್ಲಿಗೆ ಕರೆದೊಯ್ದ. ಅಲ್ಲಿ ಕೈಯ ಗುರುತು ಎಂದಿನಂತೆ ಅಗಲವಾಗಿ ಶುರುವಾಗಿ, ಸುತ್ತು ಮುಗಿಯುವ ಮುನ್ನವೇ ಸಣ್ಣಗಾಗಿ, ಕಲ್ಲಿನ ನಡುವೆ ನಿಂತುಹೋಗಿತ್ತು. ಆಚೆಗೆಲ್ಲ ಬರೀ ಬಿಳಿ.

ಇಬ್ಬರೂ ಅದರ ಪಕ್ಕಕ್ಕೆ ಕೂತರು.

"ಅವನ ಕೈ ಇಲ್ಲಿ ಏನ್ ಮಾಡ್ಲಾಕತ್ತಿತ್ತು?"

"ಒರಸ್ಲಾಕತ್ತಿತ್ರಿ."

"ಏನು?"

"ಇದನ್ನೇ ರಿ. ಈ ಬಿಳೀದು."

"ಮುಗಸಿದ್ನಾ?"

ರೇವಪ್ಪ ಗುರುತು ನಿಂತುಹೋದ ಕಡೆ ಬೆರಳಿಟ್ಟ.

ಗುರುಗಳು ಸೊಂಟದ ಗಂಟಿನಿಂದ ಏನನ್ನೋ ಹೊರತೆಗೆದರು. ಸಿಮೆಂಟು ಒಣಗಿ ಹಪ್ಪಳದಂತೆ ಸೆಟೆದುಕೊಂಡಿದ್ದ ಒಂದು ಬಟ್ಟೆಯ ತುಂಡು. ಸಾಯಬಣ್ಣನ ಕೈಯಲ್ಲಿದ್ದದ್ದು. ಇಷ್ಟು ದಿನ ಅದನ್ನು ಅವರೇ ಮೈಮೇಲೆ ಇಟ್ಟುಕೊಂಡು ತಿರುಗಿದ್ದರು.

ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅದನ್ನು ಬೆಲ್ಲದ ನೀರಲ್ಲಿ ಅದ್ದಿ ಹಿಡಿದರು. ಬಟ್ಟೆ ಮೆತ್ತಗಾಗಲು ಹೊತ್ತು ಬೇಕಾಯಿತು. ಅವರು ಅವಸರ ಮಾಡಲಿಲ್ಲ.

ಆಮೇಲೆ ಅದನ್ನು ರೇವಪ್ಪನ ಅಂಗೈಯಲ್ಲಿಟ್ಟು, ಅವನ ಮಣಿಕಟ್ಟು ಹಿಡಿದು, ಆ ಗುರುತು ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಗೇ ತಂದು ಊರಿದರು.

"ಇಲ್ಲಿ ತನಕ ಬಂದು ದಣದಾನ, ಮಗಾ. ಇಲ್ಲಿಂದ ನೀ ಹಿಡಿ."